ನೂರು ಎಣಿಸುವಷ್ಟು ಉಸಿರು

ನನಗಾಗ ಅರವತ್ತೆಂಟು. ಈಗ್ಗೆ ಮೂರು ವರ್ಷದ ಮಾತು. ಅಷ್ಟು ವಯಸ್ಸಿನಲ್ಲಿ ನನ್ನ ಮೈದುನನಂಥ ಜಂಭಗಾರನನ್ನು ನಾನು ಕಂಡಿರಲಿಲ್ಲ. ಜಂಭ ಆಸ್ತಿಯದಲ್ಲ, ಉಸಿರಿನದು! ಪ್ರಾಯದಲ್ಲಿ ನಮ್ಮೂರ ಬಾವಿಗೆ ಯಾರ ಬಿಂದಿಗೆ ಬಿದ್ದರೂ ಮುಳುಗಿ ತರುತ್ತಿದ್ದವನು ಅವನು. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ಹಿಡಿಯುವವಳು ನಾನು. ಅವನ ಅಣ್ಣನಿಗೆ, ಅಂದರೆ ನನ್ನ ಗಂಡನಿಗೆ, ಬಾವಿಗೆ ಇಣುಕಿದರೇ ತಲೆ ಸುತ್ತು. ಮೈದುನ ಮುಳುಗಿದೊಡನೆ ನಾನು ಎಣಿಸಬೇಕು, ನೂರಕ್ಕೆ ಎಳೆಯಬೇಕು. ಶಾಲೆ ಕಾಣದ ನಾನು ನೂರರವರೆಗೆ ಎಣಿಸಲು ಕಲಿತದ್ದೇ ಹಾಗೆ.

ಆಮೇಲೆ ಅವನು ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಗೂಡು ಬೇಯಿಸುವ ಹಬೆ ಕುಡಿದ. ನನಗೆ ಅರವತ್ತೆಂಟಾದ ಆ ವರ್ಷ ಅವನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಗೆ ನಡಿ ಎಂದರೆ, "ನೂರೆಣ್ಸೋ ಗಂಟ ಉಸ್ರು ಕಟ್ಟೋನಿಗೆ ಡಾಕ್ಟ್ರು ಏನ್ ಹೇಳ್ಕೊಟ್ಟಾನು ಅತ್ಗೆ?" ಎನ್ನುವನು.

ಅಷ್ಟರಲ್ಲಿ ಒಂದು ಸಿನಿಮಾ ಬಂತು. ನೀರು ತುಂಬಿದ ಗುಹೆಯಲ್ಲಿ ಸಿಕ್ಕಿಬಿದ್ದವರ ಕಥೆ. ನನ್ನ ಮೊಮ್ಮಗಳು ಪೇಪರಿನ ವಿಮರ್ಶೆ ಓದಿದಳು: ಐದಕ್ಕೆ ಒಂದೂವರೆ ನಕ್ಷತ್ರ. ನಾಯಕ ಅಷ್ಟು ಹೊತ್ತು ಉಸಿರು ಹಿಡಿಯುವುದು ಶುದ್ಧ ಸುಳ್ಳಂತೆ. ನೋಡುವವರಿಗೆ ಭಯವೇ ಆಗುವುದಿಲ್ಲವಂತೆ.

ಮೈದುನ ಕೆರಳಿದ. "ಬರ್ದೋನು ಯಾವ ಬಾವಿಗಿಳ್ದಿದ್ನಂತಮ್ಮ?"

"ಅವ್ರು ಸಿನಿಮಾ ನೋಡಿ ಬರೀತಾರೆ ಚಿಕ್ಕ ತಾತ, ಬಾವಿ ನೋಡಿ ಅಲ್ಲ."

"ಹಂಗಾದ್ರೆ ನಾನೇ ನೋಡಿ ಹೇಳ್ತೀನಿ. ಅತ್ಗೆ, ನೀವು ಎಣ್ಸೋಕ್ ಬನ್ನಿ."

ದೇವನಹಳ್ಳಿಯ ಟಾಕೀಸಿನಲ್ಲಿ ಕೂತೆವು. ನಾಯಕ ಮುಳುಗಿದ. ಇವನೂ ಬಾಯಿ ಮುಚ್ಚಿ ಮೂಗು ಹಿಡಿದ. ನಾನು ಎಣಿಸತೊಡಗಿದೆ. ಹತ್ತಕ್ಕೆ ಅವನ ಕುತ್ತಿಗೆಯ ನರ ಉಬ್ಬಿತು. ಹದಿನೈದಕ್ಕೆ ಕುರ್ಚಿ ಅದುರಿತು. ಪರದೆಯ ಮೇಲೆ ಬಂಡೆ ಉರುಳಿ ಗುಹೆಯ ದಾರಿ ಮುಚ್ಚಿತು. ಅದನ್ನು ಯಾರು ನೋಡಿದರು? "ಬಿಡೋ, ಸತ್ತೀಯ" ಎಂದೆ. ಆಗದೆಂದು ತಲೆಯಾಡಿಸಿದ. ಇಪ್ಪತ್ತೆರಡಕ್ಕೆ ಅವನ ಕೈ ತಾನಾಗಿ ಜಾರಿತು. ಬೆನ್ನಿಗೆ ಗುದ್ದಿದೆ. ಅವನು ಎಳೆದುಕೊಂಡ ಉಸಿರಿನ ಸದ್ದಿಗೆ ಮುಂದಿನ ಸಾಲಿನವರೆಲ್ಲ ತಿರುಗಿದರು.

"ಸಮಾಧಾನ ತಾತ, ಪಿಚ್ಚರ್ ಅಷ್ಟೇನ್ ಭಯಂಕರವಾಗಿಲ್ಲ" ಎಂದ ಒಬ್ಬ.

ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು ಮೈದುನ ಕೇಳಿದ, "ಎಷ್ಟಾಯ್ತು ಅತ್ಗೆ?"

ಸುಳ್ಳು ಹೇಳಿದ್ದರೆ ಖುಷಿಪಡುತ್ತಿದ್ದ. "ಇಪ್ಪತ್ತೆರಡು" ಎಂದೆ.

ಅವನು ಪರದೆಯ ಕಡೆ ತಿರುಗಿದ. ನಾಯಕ ಗುಹೆಯಿಂದ ಹೊರಬಂದ. ಜನ ಶಿಳ್ಳೆ ಹೊಡೆದರು. ಇವನು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ನನ್ನ ಕೈ ಮುಟ್ಟಿದವನಲ್ಲ.

"ಹೆದ್ರಿಕೆ ಆಯ್ತದೆ ಅತ್ಗೆ" ಎಂದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅವನನ್ನು ಆಸ್ಪತ್ರೆಗೆ ಕರೆದೊಯ್ದು, ಚೀಟಿ ಮಾಡಿಸಿ, ಜಾರಿಕೊಳ್ಳದಂತೆ ಸಾಲಿನಲ್ಲಿ ಅವನ ಹಿಂದೆಯೇ ನಿಂತೆ.