ಕಾಪು ಕಡಲತೀರದ ಕಬ್ಬಿಣದ ಗುಂಡು

ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಲೋಹದ ಯಾವ ವಸ್ತು ಕೊಟ್ಟರೂ ಅದರ ಕುಲಗೋತ್ರ ಹೇಳಬಲ್ಲೆ ಎಂಬ ನಂಬಿಕೆ ನನಗಿತ್ತು. 'ಇತ್ತು' ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಹೋದ ಬೇಸಿಗೆಯಲ್ಲಿ ಹೆಂಡತಿ ನಾಗರತ್ನಳ ಜೊತೆ ಕಾಪುವಿಗೆ ಹೋಗಿದ್ದೆ. ಅವಳು ಅಲೆಗಳಲ್ಲಿ ಕಾಲು ನೆನೆಸುತ್ತಿದ್ದಳು. ನನ್ನ ಕಾಲಿಗೆ ಮಾತ್ರ ಏನೋ ಗಟ್ಟಿಯಾಗಿ ತಗುಲಿತು. ಮರಳು ಕೆದಕಿದೆ. ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡು! ಮೈತುಂಬ ತುಕ್ಕು, ಅಲ್ಲಲ್ಲಿ ಅಂಟಿದ ಚಿಪ್ಪು, ಎರಡು ಕಡೆ ತೂತಿರುವ ಕಿವಿ. ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು.

"ಪೋರ್ಚುಗೀಸರ ಕಾಲದ್ದು," ಎಂದೆ. "ಕೈದಿಗಳ ಕಾಲಿಗೆ ಕಟ್ಟುತ್ತಿದ್ದ ಗುಂಡು."

"ನೀವೇ ಕಟ್ಟಿದ ಹಾಗೆ ಹೇಳ್ತೀರಲ್ರೀ! ಅಲ್ಲೇ ಬಿಸಾಕ್ಬುಡಿ," ಎಂದಳು ನಾಗರತ್ನ.

ಬಿಸಾಕಲಿಲ್ಲ. ನನ್ನ ಟವೆಲಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟೆ. ಘಾಟಿಯ ಪ್ರತಿ ತಿರುವಿನಲ್ಲೂ ಅದು ಢಣ್ ಎಂದು ಬಡಿಯುತ್ತ ಅಶೋಕಪುರಂನ ನಮ್ಮ ಮನೆಯವರೆಗೆ ಬಂತು. ದಾರಿಯುದ್ದಕ್ಕೂ ನಾನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನೂ, ಅದರ ಕೆಳಗೆ ನನ್ನ ಹೆಸರನ್ನೂ ಕಾಣುತ್ತಿದ್ದೆ.

ಭಾನುವಾರ ಬೆಳಿಗ್ಗೆ ಸಂಶೋಧನೆ ಆರಂಭವಾಯಿತು. ಹುಣಸೆಹಣ್ಣಿನಿಂದ ಉಜ್ಜಿದೆ. ಸೀಮೆಎಣ್ಣೆಯಲ್ಲಿ ನೆನೆಸಿದೆ. ಒಳಗಿನ ಗಲಗಲ ಚಿನ್ನದ ನಾಣ್ಯದ್ದೇ ಇರಬೇಕೆಂದು ಅಂಗಳದಲ್ಲಿ ಕುಳಿತು ಸುತ್ತಿಗೆಯಿಂದ ಬಡಿಯತೊಡಗಿದೆ. ಆ ಸದ್ದಿಗೆ ಪಕ್ಕದ ಮನೆಯ ಪುಟ್ಟಸ್ವಾಮಿಯವರು ಕಾಂಪೌಂಡಿನ ಮೇಲೆ ತಲೆ ಹಾಕಿದರು. ಅವರು ಸೈನ್ಯದಿಂದ ನಿವೃತ್ತರಾದವರು. ಗುಂಡನ್ನು ನೋಡಿದ್ದೇ ತಡ, ಮುಖ ಬಿಳಿಚಿಕೊಂಡಿತು.

"ಮಹದೇವು, ಸುತ್ತಿಗೆ ಕೆಳಗಿಡಿ. ಮೆಲ್ಲಗೆ. ಅದು ಸಮುದ್ರದಲ್ಲಿ ಹಡಗು ಉಡಾಯ್ಸೋ ಬಾಂಬು ಕಣ್ರೀ!"

ಅಷ್ಟರವರೆಗೆ ಹದಿನೇಳು ಏಟು ಹಾಕಿದ್ದೆ. ಒಂದೊಂದೂ ನೆನಪಾಯಿತು. ಸುತ್ತಿಗೆಯನ್ನು ಮೊಟ್ಟೆಯಂತೆ ಮೆಲ್ಲಗೆ ಕೆಳಗಿಟ್ಟು ಅಲ್ಲೇ ಕುಳಿತಿದ್ದೆ. ನಾಗರತ್ನಳೇ ಬಂದು ನನ್ನನ್ನು ಎಳೆದುಕೊಂಡು ಹೋದಳು.

ಮುಂದಿನದೆಲ್ಲ ಸರಸರನೆ ನಡೆಯಿತು. ಪುಟ್ಟಸ್ವಾಮಿಯವರು ಫೋನ್ ಮಾಡಿದರು. ಪೊಲೀಸರು ಬಂದರು, ಹಗ್ಗ ಕಟ್ಟಿದರು, ಇಡೀ ಬೀದಿಯನ್ನು ಪಾರ್ಕಿಗೆ ಖಾಲಿ ಮಾಡಿಸಿದರು. ಎದುರು ಮನೆಯಲ್ಲಿ ಅಂದು ನಾಮಕರಣ! ಎಂಬತ್ತು ಜನ ಊಟದ ಎಲೆ ಬಿಟ್ಟು ಎದ್ದರು. ಬಾಣಂತಿ ಮಗುವನ್ನು ಎದೆಗವಚಿಕೊಂಡು ಓಡಿದ್ದನ್ನು ಕಂಡಾಗ ಮಾತ್ರ ಗುಂಡನ್ನು ಕಾಪುವಿನಲ್ಲೇ ಬಿಸಾಕಬೇಕಿತ್ತು ಎನಿಸಿತು. ಪಾರ್ಕಿನಲ್ಲಿ ಮಗುವಿನ ತಾತ ಅರ್ಧ ಹೋಳಿಗೆ ಹಿಡಿದು ನನ್ನೆದುರು ನಿಂತರು.

"ಎಲ್ರೂ ಬೀಚಿಂದ ಕಪ್ಪೆಚಿಪ್ಪು ತರ್ತಾರೆ ಕಣಯ್ಯ. ನೀನು ಇದನ್ನ ತಂದ್ಬುಟ್ಯಾ?"

ನಾನು ಮೆಲ್ಲಗೆ ಪಕ್ಕಕ್ಕೆ ಸರಿದೆ. ಧೈರ್ಯಕ್ಕಾಗಿ ಪುಟ್ಟಸ್ವಾಮಿಯವರನ್ನು ಕೇಳಿದೆ: "ಸಾರ್, ಸೈನ್ಯದಲ್ಲಿ ಇಂಥಾ ಬಾಂಬು ಎಷ್ಟು ನೋಡಿದ್ದೀರಿ?"

ಅವರು ಕೆಮ್ಮಿದರು. "ನಾನಿದ್ದದ್ದು ರೇಷನ್ ಸ್ಟೋರ್‌ನಲ್ಲಿ. ಸಿನಿಮಾದಲ್ಲಿ ನೋಡಿದ್ದೆ."

ಬಾಂಬ್ ಪತ್ತೆ ದಳದವರು ದಪ್ಪ ಅಂಗಿ ತೊಟ್ಟು ಒಳಗೆ ಹೋದರು. ಎಕ್ಸ್‌ರೇ ಯಂತ್ರವೂ ಹೋಯಿತು. ಅರ್ಧ ಗಂಟೆಯಾಯಿತು. ನಾಗರತ್ನ ನನ್ನ ಕೈ ಹಿಡಿದಿದ್ದಳು, ಬೈಯುವುದನ್ನೂ ಮರೆತಿದ್ದಳು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಕೊನೆಗೆ ದಳದ ಒಬ್ಬ ಪೊಲೀಸಪ್ಪ ಗುಂಡನ್ನು ಬರಿಗೈಯಲ್ಲಿ ತೂಗಾಡಿಸುತ್ತ ಹೊರಬಂದ. ಮಲ್ಪೆ ಕಡೆಯವನಂತೆ. ನಗು ತಡೆಯಲಾಗದೆ ಅವನ ಭುಜ ಕುಣಿಯುತ್ತಿತ್ತು.

"ಇದು ಮೀನಿನ ಬಲೆ ತೇಲ್ಲಿಕ್ಕೆ ಕಟ್ಟುವ ಗುಂಡು ಮಾರಾಯ್ರೇ! ನಮ್ಮ ಮನೆ ಹಿತ್ತಲಲ್ಲಿ ರಾಶಿ ಉಂಟು."

ಇಡೀ ಪಾರ್ಕು ಒಮ್ಮೆಲೇ ಉಸಿರು ಬಿಟ್ಟಿತು. ಆಮೇಲೆ ಒಮ್ಮೆಲೇ ನಕ್ಕಿತು. ಮಗು ಅಷ್ಟೂ ಹೊತ್ತು ನಿದ್ದೆ ಮಾಡಿತ್ತಂತೆ. ಈ ನಗುವಿಗೆ ಎದ್ದು ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಎಲ್ಲರೂ ಮತ್ತೆ ಎಲೆಯ ಮುಂದೆ ಕುಳಿತರು. ಆರಿದ ಸಾರನ್ನು ಬಿಸಿಮಾಡಿ ಎಂಬತ್ತು ಜನಕ್ಕೂ ಬಡಿಸುವ ಶಿಕ್ಷೆಯನ್ನು ತಾತ ನನಗೆ ವಿಧಿಸಿದರು. ಸಂತೋಷವಾಗಿ ಅನುಭವಿಸಿದೆ.

ಸಾರಿನ ಸೌಟು ಕೈಯಲ್ಲಿದ್ದಾಗಲೇ ಇನ್ಸ್‌ಪೆಕ್ಟರ್ ವರದಿಗೆ ಸಹಿ ಕೇಳಲು ಬಂದರು. ಗಟ್ಟಿಯಾಗಿ ಓದಿದರು: "ಪರಿಶೀಲಿಸಲಾಗಿ, ಹೊರಗೆ ಗಟ್ಟಿಯಾಗಿ ಕಂಡರೂ ಪೂರ್ತಿ ಟೊಳ್ಳು. ಒಳಗೆ ಗಲಗಲ ಎನ್ನುವ ಸ್ವಲ್ಪ ತುಕ್ಕು ಬಿಟ್ಟರೆ ಏನೂ ಇಲ್ಲ. ಸಾರ್ವಜನಿಕರಿಗೆ ಅಪಾಯವಿಲ್ಲ."

ನಾಗರತ್ನ ಬಹಳ ವಿನಯದಿಂದ ಕೇಳಿದಳು: "ಸಾರ್, ಇದು ಗುಂಡಿನ ವಿಷ್ಯಾನಾ, ನಮ್ಮ ಯಜಮಾನ್ರ ವಿಷ್ಯಾನಾ?"

ನಾನು ಸೌಟು ಕೆಳಗಿಟ್ಟು ಸಹಿ ಹಾಕಿದೆ. ಎರಡಕ್ಕೂ ಸೇರಿಸಿ.