ದುರ್ಗಪ್ಪ ಬಿಡಿಸಿದ ದೆವ್ವ

ಸಭಾಪಾಲಕರು ಆ ಭಾನುವಾರ ಮದುವೆಗೆಂದು ಧಾರವಾಡಕ್ಕೆ ಹೋಗದಿದ್ದರೆ ದುರ್ಗಪ್ಪ ಇವತ್ತಿಗೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಬೈಲಹೊಂಗಲದಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವುದು ಅವನ ಕಸುಬು. ಊರ ಅಂಚಿನ ಪುಟ್ಟ ಕ್ರೈಸ್ತ ಪ್ರಾರ್ಥನಾ ಮಂದಿರಕ್ಕೆ ಅವನೇ ಹಿರಿಯ. ಆರಾಧನೆ ಮುಗಿದ ಮೇಲೆ ಸಭೆಯವರು ತಮ್ಮ ದಿನನಿತ್ಯದ ಸಂದೇಹಗಳನ್ನು ಕೇಳುವುದು, ಪಾಲಕರು ಉತ್ತರ ಹೇಳುವುದು ಅಲ್ಲಿನ ರೂಢಿ. "ನಾ ಇಲ್ಲದಾಗ ಯಾರರ ಏನರ ಕೇಳಿದ್ರ ಮುಂದಿನ ವಾರ ಅಂತ ಹೇಳು" ಎಂದು ಪಾಲಕರು ಬುದ್ಧಿ ಹೇಳಿಯೇ ಹೋಗಿದ್ದರು. ಆದರೆ ಅಷ್ಟೂ ಮುಖಗಳು ತನ್ನ ಕಡೆಗೇ ತಿರುಗಿದ್ದನ್ನು ಕಂಡಾಗ ದುರ್ಗಪ್ಪನ ಎದೆ ಗಾಳಿ ತುಂಬಿದ ಟ್ಯೂಬಿನ ಹಾಗೆ ಉಬ್ಬಿತು.

"ಕೇಳ್ರಿ, ಏನ ಕೇಳೂದೈತಿ" ಎಂದುಬಿಟ್ಟ.

ಪಕ್ಕದ ಮನೆಯವರು ಹಬ್ಬಕ್ಕೆ ಕಳಿಸುವ ಹೋಳಿಗೆ ತಿನ್ನಬಹುದೇ ಎಂದು ಒಬ್ಬರು ಕೇಳಿದರು. "ಪ್ರೀತಿಲೆ ಕೊಟ್ಟದ್ದನ್ನ ದೇವರಿಗೆ ಸ್ತೋತ್ರ ಹೇಳಿ ತಿನ್ರಿ. ತಿರುಗಿ ಖಾಲಿ ಡಬ್ಬಿ ಮಾತ್ರ ಕಳಸಬ್ಯಾಡ್ರಿ" ಎಂದ. ಎಲ್ಲರೂ ತಲೆದೂಗಿದರು.

ಆಗ ಅವನ ಹೆಂಡತಿ ಸ್ನೇಹಲ್ ಎದ್ದು ನಿಂತಳು. "ಗೊತ್ತಿದ್ದದ್ದನ್ನ ಹೇಳದ ಸುಮ್ಮ ಕುಂತ್ರ ಅದೂ ಸುಳ್ಳ ಆಗತೈತೇನ್ರಿ?"

"ಆಗತೈತಿ. ಖರೆ ಮಾತು ಬಾಯಾಗ ಇಟ್ಕೊಂಡು ತುಟಿ ಮುಚ್ಚೂದೂ ಪಾಪನ."

"ಹಂಗಾರ ಹೇಳತೇನಿ. ನೀವು ಹಾಡೂ ಮುಂದ ರಾಗ ಒಂದ ಕಡೆ, ನೀವೊಂದ ಕಡೆ ಹೋಗತೀರಿ."

ಸಭೆ ನಕ್ಕಿತು. ಹೋದ ಮಾನವನ್ನು ಮರಳಿ ಪಡೆಯುವ ಅವಸರದಲ್ಲಿದ್ದ ದುರ್ಗಪ್ಪನಿಗೆ ಬಾಗಿಲ ಬಳಿಯಿಂದ ಮೂರನೆಯ ಪ್ರಶ್ನೆ ಬಂತು. ಕೇಳಿದವಳು ಬೀರವ್ವ. ಅವಳು ಸಭೆಯವಳಲ್ಲ, ಎದುರಿಗೆ ಕಾಯಿಪಲ್ಲೆ ಮಾರುವವಳು, ಬಿಸಿಲೆಂದು ಹೊಸ್ತಿಲ ಮೇಲೆ ಕುಳಿತಿದ್ದಳು.

"ನಿಮ್ಮ ಮಂದಿ ದೆವ್ವಕ್ಕ ಅಂಜತೀರೋ ಇಲ್ಲೋ, ತಮ್ಮಾ?"

"ನಂಬಿದಾಂವಗ ಎಂಥಾ ಅಂಜಿಕಿ ಬೇ? ದೆವ್ವಾನ ನಮಗ ಅಂಜಬೇಕು."

"ಚಲೋ ಆತು. ಹಂಗಾರ ಎದ್ದು ನಡಿ."

ಬೀರವ್ವನ ಮನೆಗೆ ಅಂಟಿಕೊಂಡು, ಯರಗಟ್ಟಿ ರಸ್ತೆಯಲ್ಲಿ ಅನ್ನಪೂರ್ಣಾ ಎಂಬವಳ ಹಳೆಯ ಮನೆಯೊಂದಿತ್ತು. ಬಾಡಿಗೆಗೆ ಬಂದವರು ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಖಾಲಿ ಮನೆಯಲ್ಲಿ ಹಾಡುಹಗಲೇ ಯಾರೋ ಓಡಾಡುತ್ತಾರೆ, ಪಾತ್ರೆ ಸದ್ದಾಗುತ್ತದೆ ಎಂದು ಓಣಿಯೆಲ್ಲ ಮಾತು. ದುರ್ಗಪ್ಪ ಅಂಗಡಿ ಕೆಲಸ, ಹೊಟ್ಟೆನೋವು, ಪಾಲಕರ ಅಪ್ಪಣೆ ಎಲ್ಲವನ್ನೂ ನೆನಪಿಸಿಕೊಂಡ. ಆದರೆ ಅರ್ಧ ಸಭೆ ಆಗಲೇ ಚಪ್ಪಲಿ ಮೆಟ್ಟಿತ್ತು. ದಾರಿಯಲ್ಲಿ ಉಳಿದ ಓಣಿಯೂ ಕೂಡಿತು. ಅನ್ನಪೂರ್ಣಾ ಕೀಲಿ ತೆಗೆದು, ಆರತಿ ತಟ್ಟೆ ಹಿಡಿದವಳಂತೆ ಭಕ್ತಿಯಿಂದ ಪಕ್ಕಕ್ಕೆ ಸರಿದು ನಿಂತಳು.

ಒಳಗೆ ಕಾಲಿಟ್ಟ ಕೂಡಲೇ ಬಿಸಿಲು ಹೊರಗೇ ಉಳಿಯಿತು. ಬೆನ್ನ ಹಿಂದೆ ಬಾಗಿಲು ಮುಚ್ಚಿ ಚಿಲಕ ಬಿದ್ದ ಸದ್ದಾಯಿತು.

"ಚಿಲಕ ಯಾಕ ಹಾಕಿದಿ ಬೇ?"

"ಅದು ಹೊರಗ ಬಂದು ನಮ್ಮನಿ ಹೊಕ್ಕಿತಂದ್ರ?" ಎಂದಿತು ಬೀರವ್ವನ ದನಿ.

ಪಡಸಾಲೆಯಲ್ಲಿ ಬಾವಿಯೊಳಗಿನಂಥ ತಂಪು. ಹೊರಗೆ ಅಷ್ಟು ಜನ ಮಾತಾಡುತ್ತಿದ್ದರೂ ಒಂದು ಪಿಸುಮಾತೂ ಒಳಗೆ ಕೇಳುತ್ತಿರಲಿಲ್ಲ. ನೆಲ, ಕಿಟಕಿ, ಗೂಡು ಎಲ್ಲದರ ಮೇಲೂ ದಪ್ಪ ಧೂಳು. ಗೋಡೆಗೆ ಮುಖ ಮಾಡಿ ಇಟ್ಟಿದ್ದ ಒಂದು ಕುರ್ಚಿಯ ಮೇಲೆ ಮಾತ್ರ ಧೂಳಿರಲಿಲ್ಲ.

ದುರ್ಗಪ್ಪ ಅದರ ಕಡೆ ನೋಡದೆ ಮೊಣಕಾಲೂರಿದ. ಕಣ್ಣು ಬಿಗಿಯಾಗಿ ಮುಚ್ಚಿ, ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಕರ್ತನ ಪ್ರಾರ್ಥನೆಯನ್ನು ಶುರುಮಾಡಿದ. ಅಂದಂದಿನ ಆಹಾರವನ್ನು ಬೇಡುವಲ್ಲಿಗೆ ಬಂದಾಗ ತಲೆಯೊಳಗಿನ ತಂತಿಯೇ ಸುಟ್ಟುಹೋದಂತೆ ಮುಂದಿನ ಸಾಲು ಮಾಯವಾಯಿತು. ಮತ್ತೆ ಆಹಾರ ಬೇಡಿದ. ಮತ್ತೂ ಒಮ್ಮೆ ಬೇಡಿದ.

"ಕ್ಷಮಿಸು" ಎಂದಿತು ಒಂದು ದನಿ.

ಬಲಗಿವಿಯ ಹತ್ತಿರವೇ, ಮೆಲ್ಲಗೆ, ಪಾಠ ಮರೆತ ಮಗುವಿಗೆ ಹೇಳಿಕೊಡುವ ಹಾಗೆ. ದುರ್ಗಪ್ಪ ಕಣ್ಣು ಬಿಡಲಿಲ್ಲ, ಬಿಡಲು ಧೈರ್ಯವಿರಲಿಲ್ಲ. ಆ ಮಾತನ್ನೇ ಹಿಡಿದುಕೊಂಡು ಓಡುವ ಎತ್ತಿನಂತೆ ಪ್ರಾರ್ಥನೆಯನ್ನು ಕೊನೆ ಮುಟ್ಟಿಸಿದ. ಆ ದನಿಯೂ ಕೊನೆಯ ತನಕ ಅವನ ಜೊತೆಗೇ ಬಂತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು. ಮುಂಬಾಗಿಲಿಗೆ ಚಿಲಕ ಬಿದ್ದಿದೆ. ಹಿತ್ತಲ ಬಾಗಿಲೊಂದೇ ಗತಿ ಎಂದು ಅಡುಗೆಮನೆಯ ಮೂಲಕವೇ ಓಡಿದವನು ಬಾಗಿಲ ಮರೆಯಲ್ಲಿದ್ದ ಬಿಳಿಯ ಆಕೃತಿಗೆ ಡಿಕ್ಕಿ ಹೊಡೆದ.

"ಚೀರಬ್ಯಾಡ ತಮ್ಮಾ, ನಾ ಗಂಗಯ್ಯ."

ಅನ್ನಪೂರ್ಣಾಳ ಮಾವ. ಬಿಳಿಯ ಧೋತರ, ಮೀಸೆಯಿಂದ ಇಳಿಯುತ್ತಿದ್ದ ಪಾಕ, ಕೈಯಲ್ಲಿ ಜಿಲೇಬಿ ಡಬ್ಬಿ.

"ಸಕ್ರಿ ಬ್ಯಾನಿ ಅಂತ ಸೊಸಿ ಚಹಾಕ್ಕೂ ಸಕ್ರಿ ಹಾಕಂಗಿಲ್ಲೋ. ದೆವ್ವದ ಮನಿಗೆ ಯಾರೂ ಬರಂಗಿಲ್ಲ. ಹಿತ್ತಲ ಬಾಗಲದ ಕೀಲಿ ನನ್ನ ಕಡೆ ಐತಿ."

ದುರ್ಗಪ್ಪ ಗೋಡೆಗೊರಗಿ ಕುಳಿತು, ಜೀವ ಮೈಗೆ ಮರಳುವ ತನಕ ಕಾದ. "ದೆವ್ವ ನೀವೇನ್ರಿ ಅಜ್ಜಾರ?" ಎಂದು ನಗಬೇಕೆನ್ನುವಷ್ಟರಲ್ಲಿ ತುಟಿ ಮುಚ್ಚುವುದೂ ಪಾಪವೆಂಬ ತನ್ನದೇ ಬೆಳಗಿನ ಉಪದೇಶ ಅಡ್ಡ ಬಂತು. "ಇದನ್ನ ಅನ್ನಪೂರ್ಣಾ ಅವರಿಗೆ ಹೇಳಬೇಕಾಗತೈತ್ರಿ. ನಿಮ್ಮ ಜೀವಕ್ಕ ಧೋಕಾ ಐತಿ."

"ಹೇಳು. ಊರ ಮುಂದ ಹೇಳಿದ ಮ್ಯಾಲೆ ನಾ ಯಾವ ಮಾರಿ ತಗೊಂಡು ಆಕಿ ಬಡಿಸಿದ ಊಟಕ್ಕ ಕುಂದರ್ಲಿ, ಅದನ್ನೂ ಹೇಳು."

ಮುದುಕನ ಕಣ್ಣಲ್ಲಿ ನೀರಾಡಿತು. ಇನ್ನು ಜಿಲೇಬಿ ಮುಟ್ಟುವುದಿಲ್ಲ ಎಂದು ದುರ್ಗಪ್ಪ ಮಾತು ತೆಗೆದುಕೊಂಡು ಗಂಗಯ್ಯನನ್ನು ಹಿತ್ತಲಿನಿಂದ ಕಳಿಸಿದ. ಡಬ್ಬಿಯಲ್ಲಿ ಉಳಿದದ್ದನ್ನು ಎಲ್ಲಿಡುವುದೆಂದು ತಿಳಿಯದೆ ತಾನೇ ನುಂಗಿದ.

ಅವನು ಒಳಗಿನಿಂದ ಬಡಿದು, ಬೀರವ್ವ ಚಿಲಕ ತೆಗೆದು ಮುಂಬಾಗಿಲು ತೆರೆದಾಗ ಇಡೀ ಓಣಿ ಉಸಿರು ಹಿಡಿದು ನಿಂತಿತ್ತು.

"ಏನಾತ್ರಿ?" ಎಂದಳು ಅನ್ನಪೂರ್ಣಾ.

"ಇದ್ದದ್ದು ಹೋತ್ರಿ." ಇಷ್ಟು ಹೇಳಿದರೆ ಸುಳ್ಳಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದ.

"ಮಾತಾಡ್ತೇನು?" ಎಂದಳು ಬೀರವ್ವ.

"ಮಾತಾಡ್ತು. ಇನ್ನ ಬರಂಗಿಲ್ಲ ಅಂತು. ಮನಿಯವರಿಗೆ ಭಾಳ ಅಂಜತೈತಿ."

"ನಿನ್ನ ಕೈ ಯಾಕ ಅಂಟ ಆಗೇತಿ?"

"ದೆವ್ವ ಹಿಡದಿತ್ತು ಬೇ."

ಜನ ಎರಡು ಹೆಜ್ಜೆ ಹಿಂದೆ ಸರಿದರು, ಕೆಲವರು ಕೈಮುಗಿದರು. ಅನ್ನಪೂರ್ಣಾ ಕೀಲಿಯನ್ನು ಅವನ ಅಂಟುಗೈಯೊಳಗೇ ಇಟ್ಟಳು. "ಬಾಡಿಗಿ ಬ್ಯಾಡ್ರಿ ಅಣ್ಣಾರ. ನೀವ ಇಲ್ಲಿ ಇರ್ರಿ. ನೀವು ಇದ್ದದ್ದ ನೋಡಿದ್ರ ಮಂದಿ ಅಂಜಿಕಿ ಹೋಗತೈತಿ." ದುರ್ಗಪ್ಪ ಬಾಯಿ ತೆರೆಯುವ ಮೊದಲೇ ಸ್ನೇಹಲ್ ಒಪ್ಪಿದಳು. ಈಗಿನ ತಗಡಿನ ಮನೆಯಲ್ಲಿ ಬೇಸಿಗೆಯೆಲ್ಲ ಬೆಂದವಳು ಅವಳು. ಹೊತ್ತು ಇಳಿಯುವುದರೊಳಗೆ ಹಾಸಿಗೆ, ಪಾತ್ರೆ, ಗ್ಯಾಸು ಎಲ್ಲ ಟಂಟಂ ಗಾಡಿಯಲ್ಲಿ ಬಂದಿಳಿದವು. ದುರ್ಗಪ್ಪನಿಗೂ ಸಂತೋಷವಾಯಿತು. ದೆವ್ವ ಯಾರೆಂದು ಅವನೊಬ್ಬನಿಗೇ ಗೊತ್ತಿತ್ತಲ್ಲ.

ಸ್ನೇಹಲ್ ಒಳಗೆ ಊಟಕ್ಕೆ ಬಡಿಸುತ್ತಿದ್ದಾಗ ಗಂಗಯ್ಯ ಅಂಗಳಕ್ಕೆ ಬಂದು, ಅತ್ತಿತ್ತ ನೋಡಿ, ದುರ್ಗಪ್ಪನ ತೋಳು ಹಿಡಿದ.

"ನಿನ್ನ ಉಪಕಾರ ಮರಿಯಂಗಿಲ್ಲ ತಮ್ಮಾ. ಆದರ ಆ ಇನ್ನೊಬ್ಬ ಎಲ್ಲ್ಯರ ಬಾಯಿ ಬಿಟ್ಟಾನು, ನೋಡ್ಕೋ."

"ಯಾವ ಇನ್ನೊಬ್ಬರಿ?"

"ನಿನ್ನ ಜೋಡಿ ಬಂದಿದ್ನಲ್ಲಾ. ನೀ ತಪ್ಪಿದಲ್ಲಿ ಹೇಳಿಕೊಟ್ಟ. ಇಬ್ಬರ ದನಿ ಕೇಳೇ ನನ್ನ ಕೈಯಾಗಿನ ತಟ್ಟಿ ಬಿತ್ತು."

"ಹೇಳಿಕೊಟ್ಟಾವ್ರು ನೀವಲ್ರೀ, ಅಜ್ಜಾರ?"

"ನಿಮ್ಮ ಪ್ರಾರ್ಥನಿ ನನಗ ಎಲ್ಲಿಂದ ಬರಬೇಕೋ? ಮ್ಯಾಲೆ ಬಾಯಿ ತುಂಬ ಜಿಲೇಬಿ ಇತ್ತು."

ಗಂಗಯ್ಯ ಕೋಲೂರುತ್ತ ಹೊರಟುಹೋದ. ದುರ್ಗಪ್ಪ ಅಂಗಳದಲ್ಲೇ ನಿಂತುಬಿಟ್ಟ. ತಗಡಿನ ಮನೆಗೆ ಮರಳೋಣವೆಂದರೆ ಹೆಂಡತಿಗೆ ಏನು ಹೇಳುವುದು, ಊರಿಗೆ ಏನು ಹೇಳುವುದು ಎಂದು ಯೋಚಿಸುತ್ತಿರುವಾಗ ಸ್ನೇಹಲ್ ಬಾಗಿಲಿಗೆ ಬಂದು, ಅವನನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಏನ್ರೀ, ಈಗ ನಾ ಊಟದ ಪ್ರಾರ್ಥನಿ ಮಾಡಿದಾಗ ನನ್ನ ಹಿಂದ ನಿಂತು ಆಮೆನ್ ಅಂದ್ರಿ. ಅಷ್ಟರಾಗ ಹೊರಗ ಯಾವಾಗ ಬಂದ್ರಿ?"