ಮಾವನ ವಾಚಿಗೆ ಹೊಸ ಬೆಲ್ಟು

"ಕೊಡಿ ಸಾರ್, ಇಲ್ಲೇ ಹಾಕ್ಕೊಡ್ತೀನಿ. ಕಣ್ಣು ಮಿಟುಕಿಸೋದ್ರೊಳಗೆ ಆಗ್ಹೋಗತ್ತೆ" ಎಂದು ಅಂಗಡಿಯವನು ಕೈ ಚಾಚಿದಾಗ ವರ್ನಿಯರ್ ಮೇಷ್ಟ್ರು ವಾಚನ್ನು ಕೊಟ್ಟುಬಿಟ್ಟಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಅವರು ಕೊಡಲಿಲ್ಲ. "ಇದೇನು ಮಹಾವಿದ್ಯೆ? ಮನೇಲೇ ಹಾಕ್ಕೋತೀನಿ" ಎಂದು ಬರೀ ಬೆಲ್ಟನ್ನು ಕೊಂಡು, ಎದೆಯುಬ್ಬಿಸಿಕೊಂಡು ಮನೆಗೆ ಬಂದರು.

ಮೇಷ್ಟ್ರು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪಾಠ ಹೇಳುವವರು. ವರ್ನಿಯರ್ ಮಾಪಕದಿಂದ ಗೋಲಿಯ ದಪ್ಪ ಅಳೆಯುವುದರಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಹುಡುಗರ ಪ್ರಾಣ ತಿನ್ನುತ್ತಿದ್ದುದರಿಂದ ಅಳತೆಯ ಆ ಉಪಕರಣದ ಹೆಸರೇ ಅವರಿಗೆ ಅಂಟಿಕೊಂಡಿತ್ತು. ಆದರೆ ಮನೆಯ ಯಾವ ಕೆಲಸಕ್ಕೂ ಅವರ ಕೈ ಆಗಿಬರುತ್ತಿರಲಿಲ್ಲ. ನಲ್ಲಿ ಸರಿಮಾಡಲು ಕೂತ ದಿನ ಅಡುಗೆಮನೆ ಕೆರೆಯಾಗಿತ್ತು. ಪಟ ತೂಗುಹಾಕಲು ಹೊಡೆದ ಮೊಳೆ ಪಕ್ಕದ ಮನೆಯವರ ಗೋಡೆಯಲ್ಲಿ ಮೂತಿ ತೋರಿಸಿತ್ತು. ಎರಡಕ್ಕೂ ಸಾಕ್ಷಿಯಾಗಿದ್ದವರು ಹೆಂಡತಿಯ ತಂದೆ. "ನಮ್ಮ ಅಳಿಯಂದ್ರು ತುಂಬಾ ಓದಿದಾರೆ, ಪಾಪ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಆ 'ಪಾಪ' ಎನ್ನುವುದು ಮೇಷ್ಟ್ರ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಇವತ್ತು ಅದನ್ನು ಕಿತ್ತುಹಾಕಲೇಬೇಕು.

ವಾಚು ಆ ಮಾವನದೇ. ನಿವೃತ್ತ ರೈಲ್ವೆ ಗಾರ್ಡ್ ಆಗಿದ್ದ ಅವರಿಗೆ ಕೀಲಿ ಕೊಡುವ ಆ ಹಳೆಯ ವಾಚು ಎಂದರೆ ಮೂರನೆಯ ಕಣ್ಣು. ದಿನವೂ ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ನಿಂತು, ಕೀಲಿ ಕೊಟ್ಟು, ಮುಳ್ಳುಗಳನ್ನು ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದರು. ಮನೆಮಂದಿಯೆಲ್ಲ ಅದನ್ನು ಒಂದು ಬಗೆಯ ಧ್ಯಾನವೆಂದೇ ತಿಳಿದಿದ್ದರು. ಇವತ್ತು ಬೆಳಿಗ್ಗೆ ಧ್ಯಾನದ ನಡುವೆಯೇ ಬೆಲ್ಟು ಹರಿಯಿತು. ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನಲ್ಲಿ ನಿವೃತ್ತ ಗಾರ್ಡುಗಳ ವಾರ್ಷಿಕ ಕೂಟ ಬೇರೆ.

"ಅಂಗಡೀಲಿ ಹಾಕಿಸ್ಬೇಕಿತ್ತು ಅಳಿಯಂದ್ರೇ" ಎಂದು ಮಾವ ಅನುಮಾನದಿಂದ ನೋಡಿದರು.

"ನೀವು ಒಂದು ನಿದ್ದೆ ಮಾಡಿ ಮಾವ. ಏಳೋ ಹೊತ್ತಿಗೆ ಕೈಯಲ್ಲಿರತ್ತೆ."

ಮಾವ ಒಳಗೆ ಹೋಗಿ ಮಲಗಿದರು. ಮೇಷ್ಟ್ರು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ವಾಚನ್ನು ಬೋರಲು ಮಲಗಿಸಿ, ತರಕಾರಿ ಹೆಚ್ಚುವ ಚಾಕುವಿನ ಮೊನೆಯಿಂದ ಪಿನ್ನನ್ನು ಒತ್ತತೊಡಗಿದರು. ಬೆಲ್ಟನ್ನು ಹಿಡಿದಿಡುವ ಆ ಪಿನ್ನು ಅಕ್ಕಿಕಾಳಿನಷ್ಟು ಸಪೂರ, ಒಳಗೊಂದು ಸ್ಪ್ರಿಂಗು. ಅದು ಜಪ್ಪಯ್ಯ ಎನ್ನಲಿಲ್ಲ.

ಅಷ್ಟರಲ್ಲಿ ಸಕ್ಕರೆ ಕೇಳಲು ಬಂದ ಮಹಡಿ ಮನೆಯ ನರ್ಸಕ್ಕ ಮೇಜಿನ ಬಳಿಯೇ ನಿಂತುಬಿಟ್ಟಳು.

"ಅಯ್ಯೋ ಮೇಷ್ಟ್ರೇ, ಇದೇನು ಆಪರೇಷನ್ನಾ? ಚಾಕೂಲಿ ಯಾರಾದ್ರೂ ಮಾಡ್ತಾರಾ? ತಡೀರಿ, ಸೂಜಿ ತರ್ತೀನಿ."

ತಂದಳು. ಮೇಷ್ಟ್ರ ಮೊಣಕೈಯನ್ನು ತಾನೇ ಹಿಡಿದುಕೊಂಡಳು. "ಕೈ ನಡುಗಿಸ್ಬೇಡಿ. ಉಸಿರು ಬಿಗಿ ಹಿಡೀರಿ. ಹಾಂ, ಈಗ ಒತ್ತಿ!"

ಒತ್ತಿದರು. ಟಿಣ್ ಎಂದಿತು. ಪಿನ್ನು ಮಿಡತೆಯಂತೆ ನೆಗೆದು ಮಾಯವಾಯಿತು.

ಮೂವರೂ, ಎಂದರೆ ಮೇಷ್ಟ್ರು, ನರ್ಸಕ್ಕ ಮತ್ತು ಒಗ್ಗರಣೆ ಬಿಟ್ಟು ಓಡಿಬಂದ ಮೇಷ್ಟ್ರ ಹೆಂಡತಿ, ನೆಲದ ಮೇಲೆ ಅಂಬೆಗಾಲಿಟ್ಟರು.

"ರೀ, ನಾನು ಆವಾಗಲೇ ಹೇಳ್ಲಿಲ್ವಾ?"

"ನೀನು ಏನೂ ಹೇಳ್ಲಿಲ್ಲ ಕಣೇ."

"ಮನಸ್ಸಲ್ಲೇ ಹೇಳ್ದೆ. ಮೊಳೆ ಹೊಡೆದಾಗ ಬಾಯಿಬಿಟ್ಟು ಹೇಳಿ ಏನು ಪ್ರಯೋಜನ ಆಯ್ತು?"

ಗದ್ದಲ ಕೇಳಿ ಎದುರು ಮನೆಯ ರೇಡಿಯೋ ಮಾಮ ಬಂದರು. ಕೆಟ್ಟ ರೇಡಿಯೋಗಳನ್ನು ಬಿಚ್ಚುವುದು ಅವರ ಕಸುಬು, ಮತ್ತೆ ಜೋಡಿಸುವುದು ಅದೃಷ್ಟ. ವಿಷಯ ತಿಳಿದವರೇ ತಮ್ಮ ಮನೆಗೆ ಓಡಿ, ಸ್ಪೀಕರಿನಿಂದ ಕಿತ್ತ ಅಂಗೈ ಅಗಲದ ಅಯಸ್ಕಾಂತದೊಂದಿಗೆ ಮರಳಿದರು.

"ಎಲ್ರೂ ಏಳಿ ಮೇಲೆ! ಇದರ ಮುಂದೆ ಯಾವ ಪಿನ್ನೂ ಅಡಗಿ ಕೂರೋಕಾಗಲ್ಲ."

ಅಯಸ್ಕಾಂತ ಸೋಫಾದ ಕೆಳಗೆ ಹೋಗಿ ಬಂತು. ಹೇರ್‌ಪಿನ್ನು, ಕಳೆದುಹೋದ ಬೀರುವಿನ ಕೀಲಿಕೈ, ಒಂದು ಸೋಡಾ ಮುಚ್ಚಳ ಎಲ್ಲ ಸಿಕ್ಕವು. ಪಿನ್ನು ಮಾತ್ರ ಇಲ್ಲ. ಕೊನೆಗೆ ಮೇಷ್ಟ್ರು ಬೆವರೊರೆಸಲು ಕೈಯೆತ್ತಿದಾಗ ಅದು ಅವರ ಅಂಗಿಯ ಮಡಿಸಿದ ತೋಳಿನೊಳಗಿಂದಲೇ ಉದುರಿತು.

"ಸಿಕ್ತು!" ಎಂದು ರೇಡಿಯೋ ಮಾಮ ಕುಣಿದು, ಸಂಭ್ರಮದಲ್ಲಿ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟರು.

ಟಕ್.

ಮೇಷ್ಟ್ರು ತಿರುಗಿ ನೋಡಿದರು. ಮಾವನ ವಾಚು ತಾನಾಗಿ ಜಾರಿಹೋಗಿ, ತಾಯಿಯನ್ನು ತಬ್ಬಿದ ಮಗುವಿನಂತೆ ಅಯಸ್ಕಾಂತಕ್ಕೆ ಅಂಟಿಕೊಂಡಿತ್ತು.

ಉಕ್ಕನ್ನು ಅಯಸ್ಕಾಂತದ ಬಳಿ ಇಟ್ಟರೆ ಅದೂ ಅಯಸ್ಕಾಂತವಾಗುತ್ತದೆಂದು ಪ್ರತಿವರ್ಷ ಹುಡುಗರಿಗೆ ಮಾಡಿ ತೋರಿಸುವವರು ಮೇಷ್ಟ್ರೇ. ವಾಚಿನೊಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿದರೆ ವಾಚು ಹುಚ್ಚು ಹಿಡಿದಂತೆ ಮುಂದೆ ಓಡುತ್ತದೆ. ಕಿತ್ತು ತೆಗೆದು, ಚೀಲದಿಂದ ದಿಕ್ಸೂಚಿ ತಂದು ಪಕ್ಕದಲ್ಲಿಟ್ಟು ನೋಡಿದರು. ಉತ್ತರಕ್ಕೆ ನಿಲ್ಲಬೇಕಾದ ಮುಳ್ಳು ಸರ್ರನೆ ತಿರುಗಿ ವಾಚಿನ ಕಡೆ ಬೆರಳು ಮಾಡಿತು, ಕಳ್ಳನನ್ನು ತೋರಿಸುವ ಸಾಕ್ಷಿಯಂತೆ.

"ಏನಾಯ್ತ್ರೀ?" ಎಂದಳು ಹೆಂಡತಿ.

"ಮುಗೀತು. ಇನ್ನು ಇದು ಇವತ್ತೇ ನಾಳೆಯ ಸಮಯ ತೋರಿಸತ್ತೆ."

ವಾಚಿಗೆ ಹತ್ತಿದ ಈ ಅಯಸ್ಕಾಂತದ ಗುಣವನ್ನು ಇಳಿಸುವ ಉಪಕರಣ ಇರುವುದು ಪ್ರಯೋಗಶಾಲೆಯಲ್ಲಿ. ಭಾನುವಾರ, ಅದಕ್ಕೆ ಬೀಗ. ನರ್ಸಕ್ಕ ಸಕ್ಕರೆಯನ್ನೂ ಮರೆತು ಮಹಡಿ ಹತ್ತಿದಳು. ರೇಡಿಯೋ ಮಾಮ ಅಯಸ್ಕಾಂತವನ್ನೂ ಬಿಟ್ಟು ಜಾಗ ಖಾಲಿ ಮಾಡಿದರು. ಮೇಷ್ಟ್ರು ಗಡಿಬಿಡಿಯಲ್ಲೇ ಬೆಲ್ಟು ಸಿಕ್ಕಿಸಿದರು. ವಿಚಿತ್ರವೆಂದರೆ, ಈ ಸಲ ಅದು ಒಂದೇ ಏಟಿಗೆ ಕೂತಿತು.

ಮಾವ ಎದ್ದು ಬಂದರು. ಬೆಲ್ಟನ್ನು ಎಳೆದು ನೋಡಿದರು. "ಪರವಾಗಿಲ್ವೇ!"

"ಮಾವ, ಒಂದು ವಿಷಯ…"

"ಬಂದ್ಮೇಲೆ ಹೇಳಿ, ಹೊತ್ತಾಯ್ತು." ರೇಡಿಯೋ ಹಾಕಿ, ಗೋಡೆಯ ಕಡೆ ತಿರುಗಿ, ಮುಳ್ಳುಗಳನ್ನು ಸರಿಮಾಡಿಕೊಂಡು ಹೊರಟೇಹೋದರು.

ಮೇಷ್ಟ್ರಿಗೆ ಸಂಜೆಯೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಜೀವಮಾನವಿಡೀ ಸಮಯ ನೋಡಿ ಹಸಿರು ಬಾವುಟ ಬೀಸಿದವರ ನಡುವೆ, ಮಾವನ ಕೈಯಲ್ಲಿ ಹುಚ್ಚು ವಾಚು! 'ಯಾರಯ್ಯಾ ಇದನ್ನು ಹಾಳುಮಾಡಿದ್ದು?' 'ನನ್ನ ಅಳಿಯ, ಪಾಪ.'

ರಾತ್ರಿ ಊಟದ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ಮಾವ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

"ಅಳಿಯಂದ್ರೇ! ಏನು ಮಾಡಿದ್ರಿ ನನ್ನ ವಾಚಿಗೆ?"

"ಮಾವ, ನಾನು ಬೇಕೂಂತ ಮಾಡ್ಲಿಲ್ಲ…"

ಮಾತು ಮುಗಿಯುವ ಮೊದಲೇ ಮಾವ ಅವರನ್ನು ಬಿಗಿದಪ್ಪಿಕೊಂಡರು. "ನನ್ನ ಮಗಳಿಗೂ ಹೇಳಿರ್ಲಿಲ್ಲ, ಮರ್ಯಾದೆ ಪ್ರಶ್ನೆ. ಎಷ್ಟೋ ವರ್ಷದಿಂದ ಇದು ಹಿಂದೆ ಬೀಳ್ತಿತ್ತು. ಬೆಳಿಗ್ಗೆ ಸರಿ ಮಾಡಿದ್ರೆ ರಾತ್ರಿಗೆ ಅರ್ಧ ಗಂಟೆ ತಡ. ಪ್ರತಿ ಕೂಟದಲ್ಲೂ ನನ್ನ ಕಾಲೆಳೀತಿದ್ರು. ಇವತ್ತು ನೋಡಿ, ಸ್ಟೇಷನ್ ಗಡಿಯಾರಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ! ಎಂತೆಂಥಾ ರಿಪೇರಿಯವರ ಕೈಲೂ ಆಗಿರ್ಲಿಲ್ಲ."

ಮೇಷ್ಟ್ರಿಗೆ ಲೆಕ್ಕ ಹೊಳೆಯಿತು. ಎರಡು ತಪ್ಪು ಸೇರಿ ಒಂದು ಸರಿ ಹುಟ್ಟಿತ್ತು. ಅಂಟಿದ ಅಯಸ್ಕಾಂತದ ಗುಣ ಎಷ್ಟು ದಿನ ಉಳಿದೀತೋ ದೇವರೇ ಬಲ್ಲ.

ಮಾವ ಹೆಗಲಿನ ಬಟ್ಟೆಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ವಾಚುಗಳು ಗಲಗಲ ಉರುಳಿದವು. "ನನ್ನ ಸ್ನೇಹಿತರದ್ದು. ನಮ್ಮ ಅಳಿಯಂದ್ರು ಒಂದೇ ವಾರದಲ್ಲಿ ಸರಿಮಾಡ್ಕೊಡ್ತಾರೆ ಅಂತ ಮಾತು ಕೊಟ್ಟು ಬಂದಿದೀನಿ."

ಆಗಲೇ ಬಾಗಿಲಲ್ಲಿ ರೇಡಿಯೋ ಮಾಮನ ತಲೆ ಇಣುಕಿತು. "ಮೇಷ್ಟ್ರೇ, ನನ್ನ ಮ್ಯಾಗ್ನೆಟ್ ಇಲ್ಲೇ ಬಿಟ್ಟುಹೋಗಿದ್ದೆ…"

ಮೇಷ್ಟ್ರು ಥಟ್ಟನೆ ಅಯಸ್ಕಾಂತವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡರು. "ಇಲ್ಲ! ಇನ್ನೊಂದು ವಾರ ಇದು ನನ್ನ ಹತ್ರ ಇರ್ಲಿ."

"ಅಂದಹಾಗೆ ಅಳಿಯಂದ್ರೇ," ಮಾವ ಒಂದೊಂದೇ ವಾಚನ್ನು ಪ್ರೀತಿಯಿಂದ ಸಾಲಾಗಿ ಜೋಡಿಸುತ್ತ ಹೇಳಿದರು, "ಹಿಂದೆ ಬೀಳ್ತಿದ್ದದ್ದು ನಂದೊಂದೇ. ಇವೆಲ್ಲಾ ಮುಂದೆ ಓಡೋವು. ನಿಮಗೇನು ಬಿಡಿ, ಎರಡೂ ಒಂದೇ."

ಮೇಷ್ಟ್ರು ಅಯಸ್ಕಾಂತವನ್ನು ರೇಡಿಯೋ ಮಾಮನ ಕೈಗಿಟ್ಟರು.